ಪದ ಬೇಕು, ಶುಕ್ರವಾರದೊಳಗೆ: ಆಟೋಮ್ಯಾಟಿಕ್ ಇಳಿಸಿ ಮ್ಯಾನ್ಯುವಲ್ ಗೇರ್‌ಬಾಕ್ಸ್ ಕೂರಿಸುವ ಕೆಲಸಕ್ಕೆ

ಇಂದ: ಕಾರವಾರ
ಸೋಮವಾರ, ಬೆಳಿಗ್ಗೆ 9:40

ಬಳಗಕ್ಕೆ ನಮಸ್ಕಾರ.

ತುರ್ತಾಗಿ ಒಂದು ಪದ ಬೇಕು. ನಿಜ ಹೇಳಬೇಕೆಂದರೆ ಆರೇಳು ಬೇಕು. ಹೆದ್ದಾರಿ ಬದಿಯ ಗ್ಯಾರೇಜೊಂದರ ಬೋರ್ಡಿಗೆ ಒಂದೆರಡು ಸಾಲು, ಅಲ್ಲಿನ ಕೆಲಸಗಾರರು ಕೈಯಲ್ಲಿ ಹಿಡಿದು ಓದುವಂಥ 14 ಪುಟದ ಕೆಲಸದ ಕ್ರಮ, ಎರಡನ್ನೂ ಇಂಗ್ಲಿಷಿನಿಂದ ತರಬೇಕಾಗಿದೆ. ಗಾಡಿ 1967ರ ಫೋರ್ಡ್ ಮಸ್ಟ್ಯಾಂಗ್, 289 ಕ್ಯೂಬಿಕ್ ಇಂಚಿನ ವಿ8 ಎಂಜಿನ್. ಅದರಲ್ಲಿರುವ ಸಿ4 ಎಂಬ ಮೂರು ಗೇರಿನ ಆಟೋಮ್ಯಾಟಿಕ್ ಇಳಿಸಿ, ಟಿ5 ಎಂಬ ಐದು ಗೇರಿನ ಮ್ಯಾನ್ಯುವಲ್ ಕೂರಿಸುವ ಕೆಲಸ. ಬೋರ್ಡು ಆರಡಿ ಉದ್ದ, ಎರಡಡಿ ಎತ್ತರ. ಪೇಂಟರು ಶುಕ್ರವಾರ ಬೆಳಿಗ್ಗೆ ಬರುತ್ತಾರೆ. ಅವರು ಜಾತ್ರೆ ಕೆಲಸಕ್ಕೆ ಹೊರಟರೆ ಮತ್ತೆ ಕೈಗೆ ಸಿಗುವವರಲ್ಲ.

ಯಂತ್ರಾನುವಾದಕ್ಕೆ ಹಾಕಿ ನೋಡಿದೆ. ಇಡೀ ಕೆಲಸಕ್ಕೆ ‘ಸ್ವಯಂಚಾಲಿತ ಪ್ರಸರಣದಿಂದ ಹಸ್ತಚಾಲಿತ ಪ್ರಸರಣಕ್ಕೆ ಪರಿವರ್ತನೆ’ ಎಂದಿತು. ಬೆಲ್ ಹೌಸಿಂಗ್ ‘ಗಂಟೆ ವಸತಿ’ ಆಯಿತು. ಪೈಲಟ್ ಬೇರಿಂಗ್ ‘ವಿಮಾನ ಚಾಲಕನ ಹೊರುವಿಕೆ’.

ಬೇಕಾದದ್ದು ಇಷ್ಟು: ಇಡೀ ಕೆಲಸದ ಹೆಸರು, ಫ್ಲೈವೀಲ್ ಬೇರೆ, ಫ್ಲೆಕ್ಸ್ ಪ್ಲೇಟ್ ಬೇರೆ ಎಂದು ಗೊತ್ತಾಗುವಂಥ ಎರಡು ಪದ, ಬೆಲ್ ಹೌಸಿಂಗ್, ಪೈಲಟ್ ಬೇರಿಂಗ್, ನ್ಯೂಟ್ರಲ್ ಸೇಫ್ಟಿ ಸ್ವಿಚ್, ಜೆಡ್ ಬಾರ್. ‘ಮಸಲ್ ಕಾರ್’ (ದೊಡ್ಡ ಎಂಜಿನ್ನಿನ ಹಳೇ ಅಮೆರಿಕನ್ ಕಾರು) ಎಂಬುದೂ ಬೋರ್ಡಿನಲ್ಲಿ ಬರಲಿ ಎಂದು ಗ್ಯಾರೇಜಿನವರ ಆಸೆ. ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕೆಂಬುದು 2024ರಲ್ಲಿ ಕಾನೂನೇ ಆಗಿರುವುದರಿಂದ ಇಂಗ್ಲಿಷ್ ಸಾಲನ್ನು ಹಾಗೇ ಬರೆಸುವಂತಿಲ್ಲ.


ಇಂದ: ಶಿರಸಿ
ಸೋಮವಾರ, 10:05

ಯಂತ್ರ ಹೇಳಿದ್ದರಲ್ಲಿ ಮೊದಲನೆಯದು ಸರಿಯಾಗಿಯೇ ಇದೆ. ಸ್ವಯಂಚಾಲಿತ, ಹಸ್ತಚಾಲಿತ ಎರಡೂ ರೂಢಿಗೆ ಬಂದ ಸಾಧು ಪದಗಳು. ‘ಪರಿವರ್ತನೆ’ ತೆಗೆದು ‘ರೂಪಾಂತರ’ ಎನ್ನಿ. ಫ್ಲೈವೀಲ್‌ಗೆ ಗತಿಪಾಲಕ ಚಕ್ರ. ನ್ಯೂಟ್ರಲ್‌ಗೆ ತಟಸ್ಥ. ಮಸಲ್‌ಗೆ ಸ್ನಾಯು. ಉಳಿದದ್ದಕ್ಕೆ ನಿಘಂಟು ತೆಗೆದು ನೋಡಿ.


ಇಂದ: ಅಂಕೋಲಾ
ಸೋಮವಾರ, 11:30

> ಎರಡೂ ರೂಢಿಗೆ ಬಂದ ಸಾಧು ಪದಗಳು

ಸಾಧು ಇರಬಹುದು, ಸರಿ ಅಲ್ಲ. ‘ಪ್ರಸರಣ’ ಎಂದು ಬೋರ್ಡು ತೂಗುಹಾಕಿದರೆ ಕಾರವಾರ ಆಕಾಶವಾಣಿಯ ಕಚೇರಿ ಇಲ್ಲಿಗೆ ಬಂತೋ ಎಂದು ಜನ ಕೇಳುತ್ತಾರೆ.

ಹಸ್ತದ ತಕರಾರು ಇನ್ನೂ ದೊಡ್ಡದು. 1967ರ ಸಿ4ನಲ್ಲಿ ‘ಸೆಲೆಕ್ಟ್ ಶಿಫ್ಟ್’ ಇದೆ. ಲಿವರನ್ನು 1ಕ್ಕೋ 2ಕ್ಕೋ ತಂದಿಟ್ಟರೆ ಅದೇ ಗೇರಿನಲ್ಲಿ ನಿಲ್ಲುತ್ತದೆ. ಅಂದರೆ ಆಟೋಮ್ಯಾಟಿಕ್ ಗಾಡಿಯಲ್ಲೂ ಕೈಯಿಂದ ಗೇರ್ ಹಾಕಬಹುದು. ಈ ಎರಡು ಪೆಟ್ಟಿಗೆಗಳ ವ್ಯತ್ಯಾಸ ಇರುವುದು ಕೈಯಲ್ಲಲ್ಲ, ಎಡಗಾಲಿನಲ್ಲಿ. ಆಟೋಮ್ಯಾಟಿಕ್‌ನಲ್ಲಿ ಎಂಜಿನ್‌ಗೂ ಪೆಟ್ಟಿಗೆಗೂ ನಡುವೆ ಟಾರ್ಕ್ ಕನ್ವರ್ಟರ್. ಒಳಗೆ ಸುತ್ತುವ ಎಣ್ಣೆಯೇ ತಿರುಗುಬಲವನ್ನು ದಾಟಿಸುವುದರಿಂದ ಗಾಡಿ ನಿಂತರೂ ಎಂಜಿನ್ ಆರುವುದಿಲ್ಲ. ಮ್ಯಾನ್ಯುವಲ್‌ನಲ್ಲಿ ಆ ಜಾಗಕ್ಕೆ ಒಣ ಕ್ಲಚ್ ಪ್ಲೇಟು ಬರುತ್ತದೆ, ಅದನ್ನು ಬಿಡಿಸಲು ಮೂರನೆಯ ಪೆಡಲು ಬೇಕು. ಹೆಸರು ಆ ಪೆಡಲಿನಿಂದ ಹುಟ್ಟಬೇಕು. ಮೆಕ್ಯಾನಿಕ್‌ಗಳ ಬಾಯಲ್ಲಿ ಆಗಲೇ ಹುಟ್ಟಿದೆ: ‘ಕ್ಲಚ್ ಗಾಡಿ’.

ಇನ್ನು ‘ಆಟೋ’ ಎಂದು ಮೊಟಕು ಮಾಡಲೇಬೇಡಿ, ರಿಕ್ಷಾದವರು ಸಾಲುಗಟ್ಟುತ್ತಾರೆ. ತಮಾಷೆ ನೋಡಿ, ನಮ್ಮ ರಸ್ತೆಯಲ್ಲಿ ಕ್ಲಚ್ಚು, ಗೇರು ಎರಡನ್ನೂ ಕೈಯಲ್ಲೇ ನಡೆಸುವ ಮೂರು ಚಕ್ರದ ಗಾಡಿ ಯಾವುದು? ಹಳೇ ಆಟೋ. ಎಡಗೈಯಲ್ಲಿ ಕ್ಲಚ್ ಹಿಡಿದು ಅದೇ ಹಿಡಿಯನ್ನು ತಿರುಗಿಸಿದರೆ ಗೇರ್. ಶಿರಸಿಯವರ ‘ಹಸ್ತಚಾಲಿತ’ಕ್ಕೆ ಅದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ, ಹೆಸರು ಮಾತ್ರ ಆಟೋ.

ಬಿಡಿಭಾಗಗಳಿಗೆ ಬರೋಣ. ಅನುವಾದ ಮಾಡುವ ಮೊದಲು ಯಾವುದು ಎಲ್ಲಿ ಕೂರುತ್ತದೆ ಎನ್ನುವುದು ತಿಳಿದಿರಬೇಕು.

ಫ್ಲೆಕ್ಸ್ ಪ್ಲೇಟ್ ಆಟೋಮ್ಯಾಟಿಕ್‌ನದು: ತೆಳು ಉಕ್ಕಿನ ತಗಡು, ಅಂಚಿನಲ್ಲಿ ಸ್ಟಾರ್ಟರ್ ಹಲ್ಲು, ಟಾರ್ಕ್ ಕನ್ವರ್ಟರನ್ನು ಅದಕ್ಕೆ ಬೋಲ್ಟ್ ಮಾಡಿರುತ್ತಾರೆ. ಹಲ್ಲು ಇದೆ ಎಂದು ಅದರ ಮೇಲೆ ಕ್ಲಚ್ ಕೂರಿಸಲು ಬರುವುದಿಲ್ಲ, ಕ್ಲಚ್ ಉಜ್ಜಿಕೊಳ್ಳಲು ಮುಖವೇ ಇಲ್ಲ. ಅದನ್ನು ಬಿಚ್ಚಿ ಭಾರದ ಫ್ಲೈವೀಲ್ ಹಾಕಬೇಕು. ಹಾಗಾಗಿ ಒಂದಕ್ಕೆ ‘ಹಲ್ಲಿನ ತಗಡು’ ಎನ್ನಿ, ಇನ್ನೊಂದನ್ನು ಫ್ಲೈವೀಲ್ ಎಂದೇ ಬಿಡಿ. ‘ಗತಿಪಾಲಕ’ ಎಂದರೆ ರೈಲ್ವೆ ಅಧಿಕಾರಿಯ ಹುದ್ದೆ ಇದ್ದ ಹಾಗೆ ಕೇಳುತ್ತದೆ.

ಪೈಲಟ್ ಬೇರಿಂಗ್: ಇಲ್ಲಿ ಪೈಲಟ್ ಎಂದರೆ ಬಂದರಿನ ಪೈಲಟ್, ದಾರಿ ತೋರಿಸಿ ಹಡಗನ್ನು ಒಳಗೆ ತರುವವನು. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೂತಿ ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ದಂಡದ) ಹಿಂಬದಿಯ ಕುಳಿಯಲ್ಲಿ ಕೂರುತ್ತದೆ. ಆ ಕುಳಿಯಲ್ಲಿ ಮೂತಿಯನ್ನು ನಡುಮಧ್ಯಕ್ಕೆ ಹಿಡಿದಿಡುವ ಸಣ್ಣ ಬೇರಿಂಗು ಇದು. ‘ಮೂತಿ ಬೇರಿಂಗ್’ ಎಂದರೆ ಹುಡುಗರಿಗೆ ತಕ್ಷಣ ತಿಳಿಯುತ್ತದೆ. ಇದಕ್ಕೆ ಪದ ಬೇಕೇ ಬೇಕು. ಆಟೋಮ್ಯಾಟಿಕ್ ಗಾಡಿಯಲ್ಲಿ ಇದು ಇರುವುದೇ ಇಲ್ಲವಾದ್ದರಿಂದ, ಬಿಚ್ಚಿದ್ದನ್ನು ನೋಡಿ ಜೋಡಿಸುವವರು ಮರೆಯುವ ಮೊದಲ ಸಾಮಾನು ಇದೇ. ಮರೆತರೆ ಗೇರ್‌ಬಾಕ್ಸ್ ಆರಾಮಾಗಿ ಕೂರುತ್ತದೆ. ಆಮೇಲೆ ಕ್ಲಚ್ ಬಿಡುವುದಿಲ್ಲ, ಮೂತಿ ಕುಣಿದು ಮುಂದಿನ ಬೇರಿಂಗ್ ಹೋಗುತ್ತದೆ, ಇಡೀ ಪೆಟ್ಟಿಗೆ ಮತ್ತೆ ಕೆಳಗಿಳಿಸಬೇಕು.

ಜೆಡ್ ಬಾರ್: ಪೆಡಲಿನ ತಳ್ಳುವಿಕೆಯನ್ನು ಎಂಜಿನ್ ಬದಿಯಿಂದ ತಿರುಗಿಸಿ ಕ್ಲಚ್ ಫೋರ್ಕಿಗೆ ಮುಟ್ಟಿಸುವ ಅಡ್ಡಸರಳು. ‘ಕ್ಲಚ್ಚಿನ ಅಡ್ಡಸರಳು’ ಸಾಕು. ದೊಡ್ಡ ಸೈಲೆನ್ಸರ್ ಹೆಡರ್ ಹಾಕಿದ ಗಾಡಿಯಲ್ಲಿ ಇದಕ್ಕೆ ಜಾಗ ಸಿಗದೆ ಕೇಬಲ್ಲಿಗೋ ಹೈಡ್ರಾಲಿಕ್‌ಗೋ ಹೋಗುತ್ತಾರೆ. ನಿಮ್ಮ 14 ಪುಟದಲ್ಲಿ ಯಾವುದು ಹೇಳಿದೆ ನೋಡಿಕೊಳ್ಳಿ.


ಇಂದ: ಯಲ್ಲಾಪುರ
ಸೋಮವಾರ, 12:10

ಒಬ್ಬರು ಸಂಸ್ಕ್ರುತದ ಮೂಟೆ, ಇನ್ನೊಬ್ಬರು ಇಂಗ್ಲಿಶಿನ ಮೂಟೆ. ಕನ್ನಡದಲ್ಲೇ ಕಟ್ಟಲು ಯಾರಿಗೂ ಮನಸ್ಸಿಲ್ಲ. ಗೇರ್ ಎಂದರೆ ಹಲ್ಲುಗಾಲಿ. ಗೇರ್‌ಬಾಕ್ಸ್ ಎಂದರೆ ಹಲ್ಲುಗಾಲಿ ಪೆಟ್ಟಿಗೆ. ಆಟೋಮ್ಯಾಟಿಕ್ ತಂತಾನೆ, ಮ್ಯಾನ್ಯುವಲ್ ಕಯ್ಯಾರೆ. ಕೆಲಸದ ಹೆಸರು: ತಂತಾನೆ ಪೆಟ್ಟಿಗೆಗೆ ಬದಲು ಕಯ್ಯಾರೆ ಪೆಟ್ಟಿಗೆ. ಬೆಲ್ ಹೌಸಿಂಗ್ ಗಂಟೆಗೂಡು. ಪ್ಲಯ್‌ವೀಲ್ ಬೀಸುಗಾಲಿ. ಮಸಲ್ ಕಾರ್ ಕಸುವುಬಂಡಿ. ಕ್ಲಚ್ ಬೆಸುಗಾಲಿ.

ಕೇಳಲು ಹೊಸತು ಎನಿಸಬಹುದು. ನಾಲ್ಕು ಸಲ ಬಳಸಿದರೆ ಹಳತಾಗುತ್ತದೆ.


ಇಂದ: ಅಂಕೋಲಾ
ಸೋಮವಾರ, 12:25

ಮತ್ತೆ ಕೈ! ‘ಕೈಯಾರೆ’ ಸೊಗಸಾದ ಮಾತು, ಕೈಯಾರೆ ಬಡಿಸಿದರು ಅನ್ನಲಿಕ್ಕೆ. ಎಡಗಾಲು ಎತ್ತಿಡುವ ಕೆಲಸಕ್ಕೆ ಅದು ಕೂರುವುದಿಲ್ಲ.

‘ಗಂಟೆಗೂಡು’ ಮಾತ್ರ ಚೆನ್ನಾಗಿದೆ, ತೆಗೆದುಕೊಳ್ಳಿ. ಆಕಾರ ಗಂಟೆಯದೇ, ಒಳಗೆ ಕ್ಲಚ್ ಗೂಡು ಕಟ್ಟಿಕೊಂಡೇ ಇರುತ್ತದೆ. ಆದರೆ ಕ್ಲಚ್ಚಿಗೂ ಗಾಲಿ, ಗೇರಿಗೂ ಗಾಲಿ, ಫ್ಲೈವೀಲಿಗೂ ಗಾಲಿ ಎಂದರೆ ಗಾಡಿಗೆ ಇರುವ ನಾಲ್ಕನ್ನು ಏನೆನ್ನುವುದು?


ಇಂದ: ಕುಮಟಾ
ಸೋಮವಾರ, ಮಧ್ಯಾಹ್ನ 3:15

ಯಲ್ಲಾಪುರದವರೇ, ನಿಮ್ಮ ಅಚ್ಚಗನ್ನಡ ಸಾಲಿನ ನಡುವೆ ‘ಬದಲು’ ಕೂತಿದೆಯಲ್ಲ, ಅದು ಅರಬ್ಬಿಯ ‘ಬದಲ್’. ಬಾಗಿಲಲ್ಲಿ ಕಾವಲು ಕೂತವರ ಹಿಂದಿನಿಂದಲೇ ಒಳಗೆ ಬಂದಿದೆ.

ನನ್ನ ತಕರಾರು ಬೇರೆ. ಇಲ್ಲಿ ಎಲ್ಲರೂ ‘ಗೇರು’, ‘ಗೇರಿನ’, ‘ಗೇರಿಗೂ’ ಎಂದು ಬರೆಯುತ್ತಿದ್ದೀರಿ. ಪ್ರಶ್ನೆ ಕೇಳಿದವರೂ ‘ಐದು ಗೇರಿನ’ ಎಂದಿದ್ದಾರೆ. ಬೆಂಗಳೂರಿನಲ್ಲಿ ಅದು ನಡೆದೀತು. ಹೊನ್ನಾವರದಿಂದ ಕಾರವಾರದವರೆಗೆ ಗೇರು ಎಂದರೆ ಗೇರುಮರ, ಗೇರುಹಣ್ಣು, ಗೇರುಬೀಜ. ‘ಗೇರು ಬದಲಾವಣೆ’ ಎಂದು ಬೋರ್ಡು ಹಾಕಿದರೆ ಹಳೇ ಬೀಜ ಕೊಟ್ಟು ಹೊಸದು ಒಯ್ಯಲು ಚೀಲ ಹಿಡಿದು ಬರುತ್ತಾರೆ. ವಿಭಕ್ತಿ ಹತ್ತಿದ ಮೇಲೆ ಎರಡಕ್ಕೂ ರೂಪ ಒಂದೇ, ಅದೇ ಕಷ್ಟ. ‘ಗಿಯರ್’ ಎಂದು ಬರೆದರೆ ‘ಗಿಯರಿನ’ ಆಗುತ್ತದೆ, ಗೊಂದಲ ಇಲ್ಲ. ಅಥವಾ ಒಂಟಿಯಾಗಿ ಬಿಡದೆ ಪೂರ್ತಿ ‘ಗೇರ್‌ಬಾಕ್ಸ್’ ಎಂದೇ ಬರೆಸಿ.

ಎರವಲಿನ ಮಾತು ಬಂತಲ್ಲ, ಗೇರಿನದೇ ಕಥೆ ಕೇಳಿ. ಮರ ಬ್ರೆಜಿಲಿನದು, ತಂದವರು ಪೋರ್ತುಗೀಸರು. ಕೊಂಕಣಿಯವರು ಮರದ ಜೊತೆ ಹೆಸರನ್ನೂ ಇಳಿಸಿಕೊಂಡರು, ‘ಕಾಜು’ ಎಂದರು. ಪೋರ್ತುಗೀಸರಿಗೂ ಆ ಹೆಸರು ಸ್ವಂತದ್ದಲ್ಲ, ಬ್ರೆಜಿಲಿನ ಟೂಪಿ ಜನರದು. ಕನ್ನಡದವರು ಏನು ಮಾಡಿದರು? ನಮ್ಮ ಗುಡ್ಡದಲ್ಲಿ ಅಗಸರು ಬಟ್ಟೆಗೆ ಗುರುತು ಹಾಕುವ ಕಾಯಿಯ ಮರ ಮೊದಲೇ ಇತ್ತು, ಅದರ ಹೆಸರು ಗೇರು. ಎರಡೂ ಒಂದೇ ಕುಟುಂಬದ ಮರ, ಎರಡರ ಸಿಪ್ಪೆಯ ಎಣ್ಣೆಯೂ ಚರ್ಮ ಸುಡುತ್ತದೆ. ಹಳೇ ಹೆಸರನ್ನು ಹೊಸ ಮರಕ್ಕೆ ತೊಡಿಸಿದರು, ಹಳೆಯದನ್ನು ‘ಗುಡ್ಡಗೇರು’ ಎಂದು ಕರೆದರು. ಎರವಲೂ ಅಲ್ಲ, ಹೊಸದಾಗಿ ಕಟ್ಟಿದ್ದೂ ಅಲ್ಲ. ನಿಮಗೆ ಬೇಕಾಗಿರುವುದು ಈ ಮೂರನೇ ದಾರಿ. ಬಳಕೆಯಲ್ಲಿರುವ ಯಾವುದಾದರೂ ಪದ ಈ ಕೆಲಸಕ್ಕೆ ಒಗ್ಗುತ್ತದೆಯೇ ನೋಡಿ.


ಇಂದ: ಹೊನ್ನಾವರ
ಸೋಮವಾರ, ರಾತ್ರಿ 8:50

ಒಗ್ಗುವ ಪದ ಇದೆ: ಕಸಿ.

ಮೂತ್ರಪಿಂಡ ಕಸಿ, ಯಕೃತ್ತಿನ ಕಸಿ ಎಂದು ಪತ್ರಿಕೆಗಳು ದಿನಾ ಬರೆಯುತ್ತವೆ. ತೋಟದಿಂದ ಆಸ್ಪತ್ರೆಗೆ ಹೋದ ಪದ ಗ್ಯಾರೇಜಿಗೂ ಬರಲಿ. ಒಂದು ದೇಹದ ಅಂಗ ತೆಗೆದು ಆ ಜಾಗಕ್ಕೆ ಬೇರೊಂದನ್ನು ಕೂರಿಸಿ ಉಳಿದ ದೇಹ ಅದಕ್ಕೆ ಹೊಂದುವಂತೆ ಮಾಡುವುದು. ‘ಗೇರ್‌ಬಾಕ್ಸ್ ಕಸಿ’. ರೂಪಾಂತರ ಎಂದರೆ ಇಡೀ ಗಾಡಿಯೇ ಬೇರೆ ಆದಂತೆ ಕೇಳುತ್ತದೆ, ಇಲ್ಲಿ ಹಾಗಲ್ಲ.

‘ರೂಪಾಂತರ’, ‘ಪರಿವರ್ತನೆ’ ಎಂದು ದೊಡ್ಡಕ್ಷರದಲ್ಲಿ ಬರೆಸದಿರಲು ಇನ್ನೊಂದು ಕಾರಣ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಆರ್‌ಸಿಯ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂಥ ಮಾರ್ಪಾಟನ್ನು ತಡೆಯುತ್ತದೆ. 2021ರ ವಿಂಟೇಜ್ ನಿಯಮ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದೆ ಮೂಲ ರೂಪದಲ್ಲೇ ಉಳಿದ ಗಾಡಿಗಳಿಗೆ. ಕೆಎ-30, ಅಂದರೆ ಕಾರವಾರದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಗಾಡಿ ಮಾಲೀಕರ ಕೆಲಸ. ಬೋರ್ಡಿನ ಮೇಲೆ ‘ರೂಪಾಂತರ’ ಎಂದು ಕೂಗಿ ಹೇಳುವುದು ಯಾರ ಕೆಲಸವೂ ಅಲ್ಲ.


ಇಂದ: ಕುಮಟಾ
ಸೋಮವಾರ, ರಾತ್ರಿ 9:05

ಅಯ್ಯೋ ಮಾರಾಯ್ರೇ. ಗೇರಿನ ಗೊಂದಲ ಬೇಡ ಎಂದರೆ ‘ಗೇರು ಕಸಿ’ಗೇ ತಂದು ನಿಲ್ಲಿಸಿದಿರಿ! ಮಳೆಗಾಲದ ಹೊತ್ತಿಗೆ ಪ್ರತಿ ನರ್ಸರಿಯ ಮುಂದೆಯೂ ಅದೇ ಬೋರ್ಡು ಇರುತ್ತದೆ. ವೆಂಗುರ್ಲಾ-4 ಇದೆಯೇ, ಉಳ್ಳಾಲ-1 ಇದೆಯೇ ಎಂದು ಕೇಳಿಕೊಂಡು ಬರುವವರಿಗೆ ಕ್ಲಚ್ ಪ್ಲೇಟು ತೋರಿಸುತ್ತೀರಾ?


ಇಂದ: ಶಿರಸಿ
ಮಂಗಳವಾರ, ಬೆಳಿಗ್ಗೆ 7:20

ಕಸಿ ಎಂಬುದಕ್ಕೆ ಇನ್ನೊಂದು ದೋಷವಿದೆ, ಯಾರೂ ಗಮನಿಸಿಲ್ಲ. ನಾಮಪದವಾಗಿ ಅದು ಗಿಡಕ್ಕೆ ಕಟ್ಟುವ ಕಸಿ. ಕ್ರಿಯಾಪದವಾಗಿ ಕಿತ್ತುಕೊಳ್ಳುವುದು. ಪೇಂಟರ್ ಅಪ್ಪಿತಪ್ಪಿ ‘ಇಲ್ಲಿ ಗೇರ್‌ಬಾಕ್ಸ್ ಕಸಿಯಲಾಗುವುದು’ ಎಂದು ಬರೆದರೆ ಯಾರೂ ಗಾಡಿ ಒಳಗೆ ತರುವುದಿಲ್ಲ. ‘ಕಸಿ ಮಾಡಲಾಗುವುದು’ ಎಂದೇ ಇರಬೇಕು.

‘ತಟಸ್ಥ’ವನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ತಟ ಎಂದರೆ ದಡ, ತಟಸ್ಥ ಎಂದರೆ ದಡದಲ್ಲಿ ನಿಂತದ್ದು. ಹೊಳೆ ಹರಿಯುತ್ತಿದೆ, ಇವನು ನೀರಿಗೆ ಇಳಿದಿಲ್ಲ. ಎಂಜಿನ್ ತಿರುಗುತ್ತಿದೆ, ಯಾವ ಹಲ್ಲಿಗೂ ಶಾಫ್ಟು ಸಿಕ್ಕಿಲ್ಲ. ಅಘನಾಶಿನಿಯ ದಡದಲ್ಲಿ ನಿಂತು ಯೋಚಿಸಿ, ಇದಕ್ಕಿಂತ ಒಪ್ಪುವ ಚಿತ್ರ ಯಾವ ನುಡಿಯಲ್ಲಿದೆ? ಆದ್ದರಿಂದ ‘ತಟಸ್ಥ ಸುರಕ್ಷಾ ಸ್ವಿಚ್ಚು’.

ಮಸಲ್‌ಗೆ ಸ್ನಾಯು ಎಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಅದು ಲ್ಯಾಟಿನಿನ ‘ಮುಸ್ಕುಲುಸ್’, ಅರ್ಥ ಪುಟ್ಟ ಇಲಿ. ರಟ್ಟೆ ಮಡಿಸಿದಾಗ ಚರ್ಮದಡಿ ಇಲಿ ಓಡಿದಂತೆ ಕಾಣುವುದರಿಂದ ಆ ಹೆಸರು. ಲ್ಯಾಟಿನಿನ ‘ಮುಸ್’, ನಮ್ಮ ‘ಮೂಷಿಕ’ ಒಂದೇ ಬೇರಿನವು. ಹಾಗಾಗಿ ಮಸಲ್ ಕಾರಿಗೆ ವ್ಯುತ್ಪತ್ತಿಗೆ ನಿಷ್ಠವಾದ ಪದ ‘ಮೂಷಿಕವಾಹನ’.


ಇಂದ: ಕುಮಟಾ
ಮಂಗಳವಾರ, 7:31

ಸರಿ, ಇಡಗುಂಜಿಗೆ ಪೂಜೆಗೆ ಒಯ್ದಾಗ ಹಾಗೇ ಹೇಳಿ.


ಇಂದ: ಅಂಕೋಲಾ
ಮಂಗಳವಾರ, ಬೆಳಿಗ್ಗೆ 10:00

ಮಸ್ಟ್ಯಾಂಗನ್ನು ಮಸಲ್ ಕಾರ್ ಎನ್ನುವುದಕ್ಕೇ ಅಮೆರಿಕದ ಹಠಮಾರಿಗಳು ಒಪ್ಪುವುದಿಲ್ಲ, ಅದು ಪೋನಿ ಕಾರ್ ಎನ್ನುತ್ತಾರೆ. ಬೋರ್ಡಿನಲ್ಲಿ ‘ಹಳೇ ವಿ8 ಕಾರು’ ಎಂದು ಹಾಕಿ ಮುಗಿಸಿ. ಇಲಿಯೂ ಬೇಡ, ಕುದುರೆಮರಿಯೂ ಬೇಡ.

ದಡದ ಚಿತ್ರ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸ್ವಿಚ್ಚಿನ ಹೆಸರು ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನಲ್ಲ, ಏನು ಮಾಡುತ್ತದೆ ಎಂಬುದನ್ನು ಹೇಳಬೇಕು. ಆಟೋಮ್ಯಾಟಿಕ್‌ನಲ್ಲಿ ಲಿವರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಸ್ಟಾರ್ಟರಿಗೆ ಕರೆಂಟು ಹೋಗದಂತೆ ತಡೆಯುವುದು ಅದರ ಕೆಲಸ. ಸಿ4 ಇಳಿಸಿದಾಗ ಸ್ವಿಚ್ಚೂ ಹೋಗುತ್ತದೆ, ವೈರು ಮಾತ್ರ ಬಾಯಿ ತೆರೆದು ನೇತಾಡುತ್ತದೆ. ಎಲ್ಲ ಜೋಡಿಸಿ ಚಾವಿ ತಿರುಗಿಸಿದರೆ ಟಿಕ್ ಎನ್ನುವ ಸದ್ದೂ ಬರುವುದಿಲ್ಲ. ಬ್ಯಾಟರಿ ಬದಲಿಸುತ್ತಾರೆ, ಸ್ಟಾರ್ಟರ್ ಬಿಚ್ಚುತ್ತಾರೆ. ಮಾಡಬೇಕಾದದ್ದು ಆ ಎರಡು ವೈರನ್ನು ಕ್ಲಚ್ ಪೆಡಲಿನ ಸ್ವಿಚ್ಚಿಗೆ ಕೊಡುವುದು, ಕ್ಲಚ್ ಪೂರ್ತಿ ಒತ್ತಿದಾಗ ಮಾತ್ರ ಸ್ಟಾರ್ಟ್ ಆಗುವ ಹಾಗೆ. ಎರಡನ್ನೂ ನೇರ ಸೇರಿಸಿ ಟೇಪು ಸುತ್ತುವವರಿದ್ದಾರೆ. ಸ್ಟಾರ್ಟ್ ಆಗುತ್ತದೆ, ಗೇರಿನಲ್ಲಿದ್ದರೆ ಎದುರಿನ ಗೋಡೆಗೂ ಹೋಗುತ್ತದೆ. ಆದ್ದರಿಂದ ‘ಸ್ಟಾರ್ಟ್ ತಡೆ ಸ್ವಿಚ್’ ಎನ್ನಿ. ರಿವರ್ಸ್ ಲೈಟಿನ ವೈರೂ ಅಲ್ಲೇ ಬಿಟ್ಟಿರುತ್ತದೆ, ಅದನ್ನು ಟಿ5ನ ಮೈಮೇಲಿನ ಸ್ವಿಚ್ಚಿಗೆ ಕೊಡಬೇಕು.

ಈಗ ಕಸಿ. ಮೊದಲು ನಗು ಬಂತು, ಆಮೇಲೆ ಕೆಲಸದ ಕ್ರಮವನ್ನು ಮನಸ್ಸಿನಲ್ಲಿ ಹಾಯಿಸಿದರೆ ಪದ ಸರಿಯಾಗಿದೆ. ಗೇರಿಗೆ (ಕುಮಟೆಯವರ ಗೇರಿಗೆ) ಮಾಡುವ ಮೃದುಕಾಂಡ ಕಸಿಯಲ್ಲಿ ಬುಡದ ಗಿಡದ ದಂಟೂ ಮೇಲಿನ ಕಡ್ಡಿಯೂ ಒಂದೇ ದಪ್ಪ ಇರಬೇಕು, ಸಿಪ್ಪೆಯಡಿಯ ಹಸಿರು ಪದರ ಒಂದಕ್ಕೊಂದು ಕೂಡಬೇಕು. ಕೂಡದಿದ್ದರೆ ಕಡ್ಡಿ ಮೊದಲ ಹತ್ತು ದಿನ ಹಸಿರಾಗೇ ಇದ್ದು ಆಮೇಲೆ ಒಣಗುತ್ತದೆ. ಇಲ್ಲೂ ಹಾಗೇ. ಕ್ರ್ಯಾಂಕಿನ ನಡು, ಗಂಟೆಗೂಡಿನ ಹಿಂಬದಿಯ ತೂತಿನ ನಡು ಒಂದೇ ಗೆರೆಯಲ್ಲಿ ಇರಬೇಕು. ಡಯಲ್ ಗೇಜನ್ನು ಫ್ಲೈವೀಲಿಗೆ ಕಚ್ಚಿಸಿ, ಅದರ ಮುಳ್ಳು ಆ ತೂತಿನ ಒಳ ಅಂಚನ್ನು ಮುಟ್ಟುವಂತೆ ಇಟ್ಟು, ಎಂಜಿನ್ನನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ. ಗೇಜಿನ ಒಟ್ಟು ಓಟ 0.005 ಇಂಚು, ಅಂದರೆ ಸುಮಾರು 0.13 ಮಿಲಿಮೀಟರ್ ಮೀರಬಾರದು. ಮೀರಿದರೆ ಗಂಟೆಗೂಡನ್ನು ಜಾಗಕ್ಕೆ ಹಿಡಿದಿಡುವ, ಎಂಜಿನ್ ಬ್ಲಾಕಿನ ಎರಡು ಡೋವೆಲ್ ಪಿನ್ನುಗಳನ್ನು ಕಿತ್ತು ನಡು ಸರಿದ ಪಿನ್ನು ಹಾಕಬೇಕು. ಅವು 0.007, 0.014, 0.021 ಇಂಚಿನವು ಸಿಗುತ್ತವೆ. ಗೇಜು ತೋರಿಸಿದ ಓಟದ ಅರ್ಧ ಎಷ್ಟೋ ಅಷ್ಟರ ಪಿನ್ನು: 0.014 ಓಡಿದರೆ 0.007ರದ್ದು. ಅನುವಾದದಲ್ಲಿ ಈ ‘ಅರ್ಧ’ ಬಿಟ್ಟುಹೋದರೆ ತಪ್ಪು ಆ ಕಡೆಗೆ ಅಷ್ಟೇ ಆಗುತ್ತದೆ. ಇದನ್ನು ಅಳೆಯದೆ ಕೂರಿಸಿದ ಪೆಟ್ಟಿಗೆಯೂ ಆ ಕಡ್ಡಿಯಂತೆ ಮೊದಲು ಚೆನ್ನಾಗಿಯೇ ಓಡುತ್ತದೆ. ಕೆಲವು ದಿನ ಬಿಟ್ಟು ಗೇರ್ ತಾನಾಗಿ ಹಾರಿ ಬೀಳಲು ಶುರುವಾಗುತ್ತದೆ.

ಪೆಟ್ಟಿಗೆ ಎತ್ತಿ ಸೇರಿಸುವಾಗಲೂ ಎಚ್ಚರ. ಟಿ5 ಅಲ್ಯೂಮಿನಿಯಮ್ಮಿನದು, ಸುಮಾರು 34 ಕಿಲೊ. ಜಾಕಿಯ ಮೇಲಿಟ್ಟು ಗಂಟೆಗೂಡಿಗೆ ಒಂದಿಷ್ಟೂ ಸಂದಿಲ್ಲದೆ ತಾನಾಗಿ ಕೂಡಬೇಕು. ಕೂಡದಿದ್ದಾಗ ನಾಲ್ಕು ಬೋಲ್ಟು ಹಾಕಿ ಸ್ಪ್ಯಾನರಿನಿಂದ ಎಳೆದರೆ ಅಲ್ಯೂಮಿನಿಯಂ ಕಿವಿ ಬಿರಿಯುತ್ತದೆ. ಅರ್ಧ ಕೂರಿಸಿ ಕೈ ಬಿಟ್ಟರೆ ಇಡೀ ತೂಕ ಕ್ಲಚ್ ಪ್ಲೇಟಿನ ನಡುವಿಗೆ ಜೋತುಬಿದ್ದು ಪ್ಲೇಟು ಬಾಗುತ್ತದೆ. ಮೂಲದಲ್ಲಿ ಇಲ್ಲಿ ಯಾವ ಕ್ರಿಯಾಪದವೇ ಇರಲಿ, ಕನ್ನಡದಲ್ಲಿ ‘ಬಿಗಿಯುತ್ತ ಹತ್ತಿರ ತನ್ನಿ’ ಎಂದು ಬರೆಯಬೇಡಿ. ‘ಕೂಡಿದ ಮೇಲೆ ಬಿಗಿಯಿರಿ.’

ಬೋರ್ಡಿನ ಜಗಳಕ್ಕಿಂತ 14 ಪುಟದಲ್ಲಿ ಹೆಚ್ಚು ನೋಡಬೇಕಾದದ್ದು ಎರಡು ಕಡೆ.

ಒಂದು, ಫ್ಲೈವೀಲಿನ ಅಂಕಿ. 289 ಎಂಜಿನ್ 28 ಔನ್ಸ್-ಇಂಚಿನ ಸಮತೋಲಕ್ಕೆ ಮಾಡಿದ್ದು, ಅಂದರೆ ಫ್ಲೈವೀಲಿನ ಒಂದು ಬದಿ ಅಷ್ಟು ಭಾರ ಹೆಚ್ಚಿರಬೇಕು. ಟಿ5 ಬಂದದ್ದು 1980ರ ದಶಕದ ಮಸ್ಟ್ಯಾಂಗುಗಳಿಂದ, ಆ ಎಂಜಿನ್‌ಗಳದ್ದು 50 ಔನ್ಸ್-ಇಂಚು. ಅಂಥ ಗಾಡಿಯಿಂದ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲ ಒಟ್ಟಿಗೆ ಅಗ್ಗಕ್ಕೆ ಸಿಕ್ಕಿತೆಂದು ಅದೇ ಫ್ಲೈವೀಲ್ ಹಾಕಿದರೆ ಬೋಲ್ಟು ತೂತು ಹೊಂದುತ್ತವೆ, 157 ಹಲ್ಲು ಹೊಂದುತ್ತದೆ, ಎಂಜಿನ್ ಮಾತ್ರ ಗಡಗಡ ನಡುಗುತ್ತದೆ. ‘ಫ್ಲೈವೀಲ್’ ಎಂಬ ಪದ ಬಂದಲ್ಲೆಲ್ಲ ಪಕ್ಕದಲ್ಲಿ ‘28’ ಎಂದು ಬರೆಯಿರಿ, ನೂರು ಸಲ ಬಂದರೂ ಬರೆಯಿರಿ. ಸ್ಟಾರ್ಟರಿನ ಮೂತಿಯ ಆಳವೂ ಆಟೋಮ್ಯಾಟಿಕ್‌ಗೆ ಬೇರೆ, ಮ್ಯಾನ್ಯುವಲ್‌ಗೆ ಬೇರೆ, ಹಳೆಯದೇ ಆಗುತ್ತದೆ ಎಂದುಕೊಳ್ಳುವಂತಿಲ್ಲ.

ಎರಡು, ಎಣ್ಣೆ. ‘ವರ್ಲ್ಡ್ ಕ್ಲಾಸ್’ ಎಂಬ ಮಾದರಿಯ ಟಿ5ಗೆ ಹಾಕುವುದು ದಪ್ಪನೆಯ ಗೇರ್ ಆಯಿಲ್ ಅಲ್ಲ, ಕೆಂಪಗಿನ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಎಣ್ಣೆ. ಸುಮಾರು 2.65 ಲೀಟರ್, ಬದಿಯ ತೂತಿನಿಂದ ಹೊರಗೆ ಇಣುಕುವವರೆಗೆ. ಗೇರ್ ಹಾಕುವಾಗ ವೇಗ ಹೊಂದಿಸುವ ಸಿಂಕ್ರೊ ಬಳೆಗಳ ಮೇಲಿನ ನಾರಿನ ಪದರಕ್ಕೆ ತೆಳು ಎಣ್ಣೆಯೇ ಬೇಕು, ದಪ್ಪದ್ದು ಹಾಕಿದರೆ ತಣ್ಣಗಿರುವಾಗ ಗೇರ್ ಕಚ್ಚುತ್ತದೆ. ಯಂತ್ರದ ಅನುವಾದದಂತೆ ‘ಸ್ವಯಂಚಾಲಿತ ಪ್ರಸರಣ ದ್ರವ’ ಎಂದು ಬರೆದರೆ ಹುಡುಗರು, ಆಟೋಮ್ಯಾಟಿಕ್ ಆಗಲೇ ಇಳಿಸಿಯಾಯಿತಲ್ಲ, ಇದು ನಮಗಲ್ಲ ಎಂದು ಆ ಸಾಲು ಹಾರಿಸುತ್ತಾರೆ. ‘ಕೆಂಪು ಎಣ್ಣೆ, ಎಟಿಎಫ್’ ಎಂದು ಬರೆದುಬಿಡಿ. ಟಿ5 ಬಿಟ್ಟು ಆ ಕಾಲದ ಫೋರ್ಡ್ ಟಾಪ್‌ಲೋಡರ್ ಎಂಬ ಮ್ಯಾನ್ಯುವಲ್ ಪೆಟ್ಟಿಗೆ ಹಾಕುವುದಾದರೆ ಮಾತು ಬೇರೆ, ಅದಕ್ಕೆ ಜಿಎಲ್-4 ಗೇರ್ ಆಯಿಲ್.

ಪ್ರೊಪೆಲ್ಲರ್ ಶಾಫ್ಟಿನ ಯೋಕ್ (ಗೇರ್‌ಬಾಕ್ಸಿನೊಳಗೆ ಸೇರುವ ತುದಿ) ಸಿ4, ಟಿ5 ಎರಡರದ್ದೂ 28 ಸ್ಪ್ಲೈನ್ (ಉದ್ದುದ್ದ ಹಲ್ಲು), ಸಾಮಾನ್ಯವಾಗಿ ಹಳೆಯದೇ ಹೊಂದುತ್ತದೆ. ಉದ್ದ ಅಳೆದುಕೊಂಡರಾಯಿತು.


ಇಂದ: ಯಲ್ಲಾಪುರ
ಮಂಗಳವಾರ, 10:40

ಇಶ್ಟುದ್ದದ ಓಲೆಯಲ್ಲಿ ಕನ್ನಡ ಕ್ರಿಯಾಪದಗಳನ್ನು ಬಿಟ್ಟರೆ ಉಳಿದದ್ದೆಲ್ಲ ಇಂಗ್ಲಿಶು. ಇದು ನುಡಿಯೋ, ಬಿಡಿಬಾಗದ ಅಂಗಡಿಯ ಬಿಲ್ಲೋ?


ಇಂದ: ಅಂಕೋಲಾ
ಮಂಗಳವಾರ, 10:44

ಬಿಲ್ಲೇ. ಅದನ್ನು ಹಿಡಿದು ಅಂಗಡಿಗೆ ಹೋದರೆ ಸಾಮಾನು ಸಿಗುತ್ತದೆ. ‘ಬೀಸುಗಾಲಿ 28’ ಎಂದು ಕೇಳಿದರೆ ರಾಗಿ ಬೀಸುವ ಕಲ್ಲು ತೋರಿಸುತ್ತಾರೆ.


ಇಂದ: ಹೊನ್ನಾವರ
ಮಂಗಳವಾರ, ಮಧ್ಯಾಹ್ನ 1:30

ಯಲ್ಲಾಪುರದವರ ಮಾತನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. ‘ಗಂಟೆಗೂಡು’ ಅವರು ಕಟ್ಟಿದ್ದೇ, ಅಂಕೋಲೆಯವರು ಆಮೇಲೆ ಮೂರು ಸಲ ಬಳಸಿಯಾಗಿದೆ. ‘ಹಲ್ಲಿನ ತಗಡು’, ‘ಮೂತಿ ಬೇರಿಂಗ್’, ‘ಅಡ್ಡಸರಳು’ ಎಲ್ಲ ಅಚ್ಚಗನ್ನಡದ ಜಾಡಿನಲ್ಲೇ ಇವೆ. ಕೈಯಲ್ಲಿ ಹಿಡಿದು ತೋರಿಸಬಹುದಾದ ಸಾಮಾನಿಗೆ ಕನ್ನಡ ಹುಟ್ಟುತ್ತದೆ, ಅಂಗಡಿಯಲ್ಲಿ ಕೇಳಿ ತರಬೇಕಾದದ್ದಕ್ಕೆ ಡಬ್ಬಿಯ ಮೇಲಿನ ಹೆಸರೇ ನಿಲ್ಲುತ್ತದೆ. ಚಾವಿ ಪೋರ್ತುಗೀಸ್, ಪಗಾರ ಪೋರ್ತುಗೀಸ್, ಬಟಾಟೆ ಪೋರ್ತುಗೀಸ್. ಕರಾವಳಿಯಲ್ಲಿ ಅವಿಲ್ಲದೆ ಒಂದು ದಿನ ಕಳೆಯಿರಿ ನೋಡೋಣ.

ಅಂಕೋಲೆಯವರು ಒಂದು ಬಿಟ್ಟಿದ್ದಾರೆ, ಹಿಂದಿನ ಹೌಸಿಂಗು. ಆಟೋಮ್ಯಾಟಿಕ್ ಗಾಡಿಗೆ ಸಾಮಾನ್ಯವಾಗಿ 2.79 ಅಥವಾ 3.00ರ ಕ್ರೌನ್-ಪಿನಿಯನ್ ಇರುತ್ತದೆ, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಅಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಟಿ5ನ ಐದನೇ ಗೇರು 0.68. 3.00 ಇಟ್ಟುಕೊಂಡು ಐದನೇ ಗೇರಿನಲ್ಲಿ ಗಂಟೆಗೆ 60 ಕಿಲೊಮೀಟರಿನಲ್ಲಿ ಹೋದರೆ ಎಂಜಿನ್ ನಿಮಿಷಕ್ಕೆ ಸುಮಾರು 1000 ಸುತ್ತು. ದೇವಿಮನೆ ಘಟ್ಟದ ಮಾತಿರಲಿ, ಹೆದ್ದಾರಿಯ ಸೇತುವೆ ಏರುವಾಗಲೇ ಕುಂಟುತ್ತದೆ. 3.55 ಹಾಕಿದರೆ ಗಂಟೆಗೆ 100ರಲ್ಲಿ ಸುಮಾರು 1970 ಸುತ್ತು ಬರುತ್ತದೆ, ಐದನೇ ಗೇರು ಕೆಲಸಕ್ಕೆ ಬರುತ್ತದೆ. ಇದನ್ನು ಬದಲಿಸಿದರೆ ಸ್ಪೀಡೋಮೀಟರ್ ಕೇಬಲ್ಲಿನ ಸಣ್ಣ ಪ್ಲಾಸ್ಟಿಕ್ ಗೇರನ್ನೂ ಬದಲಿಸಬೇಕು, ಇಲ್ಲದಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ಪಟ್ಟಿಯಲ್ಲಿ ‘ಓವರ್‌ಡ್ರೈವ್’ ಎಂದು ಬಂದರೆ ‘ಓಟದ ಗೇರ್’ ಎನ್ನಬಹುದು.


ಇಂದ: ಕಾರವಾರ
ಗುರುವಾರ, ಸಂಜೆ 6:10

ಎಲ್ಲರಿಗೂ ಕೃತಜ್ಞತೆ. ಪುಟ 9ರಲ್ಲಿ ಫ್ಲೈವೀಲಿಗೆ ಅಂಕಿಯೇ ಇರಲಿಲ್ಲ, ಸೇರಿಸಿದೆ. ಪುಟ 11ರ ಎಣ್ಣೆಯ ಸಾಲಿಗೆ ‘ಕೆಂಪು ಎಣ್ಣೆ, ಎಟಿಎಫ್, 2.65 ಲೀಟರ್’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಕೆಲಸದ ಕ್ರಮದಲ್ಲಿ ಹಲ್ಲಿನ ತಗಡು, ಮೂತಿ ಬೇರಿಂಗ್, ಗಂಟೆಗೂಡು, ಕ್ಲಚ್ಚಿನ ಅಡ್ಡಸರಳು, ಸ್ಟಾರ್ಟ್ ತಡೆ ಸ್ವಿಚ್ ಇವಿಷ್ಟೂ ಉಳಿದವು. ನ್ಯೂಟ್ರಲ್ ನ್ಯೂಟ್ರಲ್ ಆಗಿಯೇ ಉಳಿಯಿತು, ಶಿರಸಿಯವರು ಕ್ಷಮಿಸಬೇಕು.

ಬೋರ್ಡಿಗೆ ಎರಡು ಸಾಲು. ಮೇಲೆ ದೊಡ್ಡದಾಗಿ ‘ಹಳೇ ವಿ8 ಕಾರುಗಳಿಗೆ ಗೇರ್‌ಬಾಕ್ಸ್ ಕಸಿ’. ಕೆಳಗೆ ‘ಆಟೋಮ್ಯಾಟಿಕ್ ಇಳಿಸಿ ಕ್ಲಚ್ ಗೇರ್‌ಬಾಕ್ಸ್ ಕೂರಿಸಿ ಕೊಡಲಾಗುವುದು’. ಪೇಂಟರಿಗೆ ಫೋನಿನಲ್ಲಿ ಓದಿ ಹೇಳಿದೆ. ಆರಡಿಯೊಳಗೆ ಕೂರುತ್ತದಂತೆ.


ಇಂದ: ಕುಮಟಾ
ಗುರುವಾರ, 6:22

ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ಗಿಡ ಸಿಗುವುದಿಲ್ಲ’ ಎಂದೂ ಬರೆಸಿ.


ಇಂದ: ಯಲ್ಲಾಪುರ
ಗುರುವಾರ, 6:40

ಬೋರ‍್ಡು ಅಲ್ಲ, ಹಲಗೆ.


ಇಂದ: ಶಿರಸಿ
ಗುರುವಾರ, 6:43

ಹಲಗೆ ಸಂಸ್ಕೃತದ ‘ಫಲಕ’ದ ತದ್ಭವ.